ಕಾಶಮ್ಮನ ಅಕ್ಕಡಿ ಸಾಸಿವೆ

ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕಾಶಮ್ಮ ಕಡೂರಿನ ನನ್ನ ಮನೆಗೆ ಒಂದು ಸೇರು ಸಾಸಿವೆ ತರುತ್ತಾಳೆ. ಮೊದಲು ನೀರು ಕೇಳುತ್ತಾಳೆ. ಕುಡಿದು, ನೇರವಾಗಿ ಅಡುಗೆಮನೆಗೆ ಹೋಗಿ, ಸಾಸಿವೆ ಡಬ್ಬಿಯ ಮುಚ್ಚಳ ತೆಗೆದು ಕಳೆದ ವರ್ಷದ್ದು ಎಷ್ಟು ಉಳಿದಿದೆ ಎಂದು ನೋಡುತ್ತಾಳೆ. ಉಳಿದಿದ್ದರೆ ನನಗೆ ಬೈಗುಳ.

“ಒಗ್ಗರಣೆನೇ ಹಾಕಲ್ವೇನ್ರೀ ಮೇಡಮ್ಮೋರೇ? ದಿನಾ ಆಸ್ಪತ್ರೆ ಊಟನಾ?”

ನಾನು ಕೃಷಿ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಕೀಟಗಳ ಪಾಠ ಹೇಳಿ ನಿವೃತ್ತಳಾದವಳು. ಕಾಶಮ್ಮನಿಗೆ ಅದೇನೂ ದೊಡ್ಡ ಸಂಗತಿಯಲ್ಲ. “ಇವ್ರು ಹುಳ ಓದಿದೋರು” ಎಂದು ನನ್ನನ್ನು ನಾಲ್ಕು ಜನಕ್ಕೆ ಪರಿಚಯ ಮಾಡಿಕೊಟ್ಟಿದ್ದಾಳೆ, ಜ್ವರ ಬಂದವರನ್ನು ತೋರಿಸುವ ದನಿಯಲ್ಲಿ.

ಆಕೆಗೆ ಈಗ ಅರವತ್ತೆರಡು. ಹುಟ್ಟಿದ್ದು ಚೌಳಹಿರಿಯೂರಿನಲ್ಲಿ, ಓದಿದ್ದು ಏಳನೇ ತರಗತಿ, ಸೇರಿದ್ದು ಹಿರೇನಲ್ಲೂರಿನ ಪಕ್ಕದ ಒಂದು ಸಣ್ಣ ಊರಿನ ಷಣ್ಮುಖಪ್ಪನ ಮನೆಗೆ. ಕೆಂಪು ನೆಲ, ಮಳೆ ನಂಬಿದ ಐದು ಎಕರೆ ರಾಗಿ ಹೊಲ, ಕೊಳವೆ ಬಾವಿಯ ಸುತ್ತ ಒಂದಷ್ಟು ತೆಂಗು. ಗಟ್ಟಿ ಮೈಕಟ್ಟು, ಸಣ್ಣ ಕಣ್ಣು, ಹಣೆಯ ಮೇಲೆ ವಿಭೂತಿ. ಯಾರಾದರೂ ತನ್ನ ಬಗ್ಗೆ “ಪಾಪ” ಎಂದರೆ ಆಕೆಗೆ ಆಗದು. ಮೊಣಕಾಲು ಶಸ್ತ್ರಚಿಕಿತ್ಸೆಗೆ ಹೋದಾಗ ಹಾಗೆಂದ ನರ್ಸಿಗೆ, “ಪಾಪ ಅನ್ನೋದು ನನ್ ಮೊಣಕಾಲಿಗೆ ಅನ್ನವ್ವಾ, ನನಗಲ್ಲ” ಎಂದಳಂತೆ.

ಆಕೆಯ ಬಗ್ಗೆ ಬರೆಯಬೇಕೆನಿಸಿದ್ದು ಎರಡು ವರ್ಷದ ಹಿಂದಿನ ಒಂದು ಮಳೆಗಾಲದಿಂದ. ಅದನ್ನು ಹೇಳಬೇಕಾದರೆ ಅಕ್ಕಡಿಯಿಂದ ಶುರು ಮಾಡಬೇಕು.

ರಾಗಿ ಹೊಲದಲ್ಲಿ ಹತ್ತು ಹನ್ನೆರಡು ಸಾಲಿಗೊಂದು ಸಾಲನ್ನು ಅವರೆಗೆ, ತೊಗರಿಗೆ, ಹುಚ್ಚೆಳ್ಳಿಗೆ, ಸಾಸಿವೆಗೆ ಬಿಡುತ್ತಾರೆ. ಅದು ಅಕ್ಕಡಿ. ಕಾಶಮ್ಮನ ಮನೆಯಲ್ಲಿ ರಾಗಿ ಗಂಡಸರದು, ಅಕ್ಕಡಿ ಹೆಂಗಸರದು. ಅಕ್ಕಡಿಯಲ್ಲಿ ಏನು ಹಾಕಿದಿರಿ, ಎಷ್ಟು ಬಂತು ಎಂದು ಗಂಡಸರು ಕೇಳುವ ಹಾಗಿಲ್ಲ. ಹೊಸ ಸೊಸೆ ಬಂದ ಮೊದಲ ಮಳೆಗಾಲದಲ್ಲಿ ಅತ್ತೆ ಅವಳನ್ನು ದೇವರ ಮುಂದೆ ಕೂರಿಸಿ, ಮನೆಯಲ್ಲಿರುವ ಸಾಸಿವೆ ಬೀಜವನ್ನೆಲ್ಲ ಅವಳ ಮಡಿಲಿಗೆ ಸುರಿಯುತ್ತಾಳೆ. ಒಂದು ಕಾಳೂ ಉಳಿಸಿಕೊಳ್ಳಬಾರದು. ಆವತ್ತಿನಿಂದ ಸಾಲು ಸೊಸೆಯದು. ಕೊಟ್ಟ ಅತ್ತೆ ಮತ್ತೆ ಆ ಸಾಲಿಗೆ ಇಳಿಯಬಾರದು, ಹೀಗೆ ಮಾಡು ಹಾಗೆ ಮಾಡು ಎನ್ನಬಾರದು. ಅಂದರೆ ನನ್ನ ಸೊಸೆಯ ಕೈಲಿ ಆಗುವುದಿಲ್ಲ ಎಂದು ಊರಿಗೇ ಸಾರಿದ ಹಾಗೆ. ಸೊಸೆ ತಾನಾಗಿ ಬಾಯಿಬಿಟ್ಟು ಕರೆದರೆ ಮಾತ್ರ ಹೋಗಬಹುದು. ಆದರೆ ಕರೆಯಬಹುದು ಎಂಬುದನ್ನು ಸೊಸೆಗೆ ಯಾರೂ ಹೇಳುವುದಿಲ್ಲ, ಹೇಳಿದರೆ ಕರೆಸಿಕೊಂಡಂತಾಗುತ್ತದೆ ಎಂದು. ಈ ನಿಯಮ ಮಾಡಿದವರು ಸಿಕ್ಕರೆ ಅವರಿಗೆ ನಾನು ಎರಡು ಮಾತು ಹೇಳುವುದಿದೆ.

ಕಾಶಮ್ಮನಿಗೆ ಬೀಜ ಕೊಟ್ಟವರು ಅವಳ ಅತ್ತೆ ಮಲ್ಲಿಕಾಂಬ. ಮೊದಲ ವರ್ಷ ಹದಿನೆಂಟರ ಕಾಶಮ್ಮ ಬಿತ್ತಿದಳು, ಮೊಳಕೆ ಎದ್ದಿತು, ಕರೀ ಹುಳ ಬಂತು. ಅದನ್ನು ಪುಸ್ತಕದಲ್ಲಿ ಚಿಗಟ ದುಂಬಿ ಎನ್ನುತ್ತೇವೆ. ಸಾಸಿವೆ ಕಾಳಿನಷ್ಟೇ ದಪ್ಪ, ಸಾಸಿವೆಯಂತೆಯೇ ಕಪ್ಪು, ಬಿಸಿಲಿಗೆ ತಿರುಗಿಸಿದರೆ ನೀಲಿ ಹೊಳಪು. ಹಿಂಗಾಲು ದಪ್ಪ, ನೆರಳು ಬಿದ್ದರೆ ಸಾಕು ಚಿಗಟದ ಹಾಗೆ ಹಾರುತ್ತದೆ. ಸಾಸಿವೆ, ಮೂಲಂಗಿ, ಕೋಸಿನ ಎಳೆ ಮೊಳಕೆ ಎಂದರೆ ಅದಕ್ಕೆ ಪ್ರಾಣ. ಬೀಜದಿಂದ ಮೊದಲು ಬರುವ ಎರಡು ಎಲೆಗೆ ಗುಂಡುಸೂಜಿಯಲ್ಲಿ ಚುಚ್ಚಿದಂತೆ ತೂತು ಮಾಡಿ ಮಾಡಿ ಒಣಗಿಸುತ್ತದೆ. ಮಳೆ ನಿಂತು ಬಿಸಿಲು ಬಂದರೆ ನಾಲ್ಕೇ ದಿನದಲ್ಲಿ ಸಾಲು ಖಾಲಿ. ಕಾಶಮ್ಮನ ಸಾಲುಗಳು ಹಾಗೆಯೇ ಖಾಲಿಯಾದವು. ಮಲ್ಲಿಕಾಂಬ ದಿನವೂ ಬದುವಿನ ಮೇಲೆ ಕೂತು ನೋಡಿದರು.

ಮರು ವರ್ಷ ಬಿತ್ತನೆಯ ದಿನ ಆ ಅತ್ತೆ ಅಟ್ಟದಿಂದ ಒಂದು ಮಣ್ಣಿನ ಕುಡಿಕೆ ಇಳಿಸಿದರು. ಅದರೊಳಗೆ ಬೂದಿಯಲ್ಲಿ ಕಲಸಿಟ್ಟ ಒಂದು ಹಿಡಿ ಸಾಸಿವೆ.

“ನೀನು ಹಾಳ್ ಮಾಡ್ತೀಯ ಅಂತ ನನಗ್ ಗೊತ್ತಿತ್ತು. ಅದಕ್ಕೇ ಎತ್ತಿಟ್ಟಿದ್ದೆ” ಎಂದರು.

ಬೀಜ ಉಳಿಯಿತು. ಆ ಮಾತೂ ಉಳಿಯಿತು. ಬೀಜ ಉಳಿಸಿಕೊಟ್ಟ ಅತ್ತೆಯ ಬಗ್ಗೆ ಕಾಶಮ್ಮ ಎಂದೂ ಕೆಟ್ಟದಾಗಿ ಮಾತಾಡಿದ್ದಿಲ್ಲ. ಆದರೆ ಒಮ್ಮೆ ನನ್ನ ಜಗಲಿಯಲ್ಲಿ ಕೂತು ಹೇಳಿದಳು: “ಮಡಿಲಿಗೆ ಸುರೀವಾಗ್ಲೇ ನಂಬಿಕೆ ಇರ್ಲಿಲ್ಲ ಕಣ್ರೀ ಆ ಯಮ್ಮಂಗೆ. ಒಂದ್ ಕೈಲಿ ಕೊಟ್ಟು ಇನ್ನೊಂದ್ ಕೈಲಿ ಎತ್ತಿಟ್ಟಿದ್ಲು. ನಾನ್ ಕೊಡೋ ದಿನ ಬಂದ್ರೆ ಪೂರ್ತಿ ಕೊಡ್ತೀನಿ.”

ಆಮೇಲಿನ ವರ್ಷಗಳಲ್ಲಿ ಕಾಶಮ್ಮ ಹುಳದ ಜೊತೆ ಬಾಳುವುದನ್ನು ಕಲಿತಳು. ಕಲಿಸಿದ್ದು ಸ್ವಲ್ಪ ತವರಿನ ತಾಯಿ, ಹೆಚ್ಚು ಸ್ವಂತ ಕಣ್ಣು. ಮೊದಲನೆಯದಾಗಿ, ಬೀಜವನ್ನು ದಟ್ಟವಾಗಿ ಬಿಡುವುದು. ಹುಳ ಎಷ್ಟು ಬರಬೇಕೋ ಅಷ್ಟೇ ಬರುತ್ತದೆ. ನೂರು ಗಿಡವಿದ್ದರೆ ನೂರಕ್ಕೆ ಹಂಚಿಹೋಗುತ್ತದೆ, ಹತ್ತೇ ಇದ್ದರೆ ಹತ್ತೂ ಸಾಯುತ್ತವೆ. ಇನ್ನೊಂದು, ರಾಗಿ ಬಿತ್ತುವುದಕ್ಕೆ ಹತ್ತು ದಿನ ಮುಂಚೆ, ಪುನರ್ವಸು ಮಳೆಗೆ, ಬದುವಿನ ಉದ್ದಕ್ಕೂ ಒಂದೆರಡು ಹಿಡಿ ಹಳೆಯ ಮೂಲಂಗಿ ಬೀಜ ಎರಚುವುದು. ಹುಳ ಮೊದಲು ಆ ಮೂಲಂಗಿಯ ಮೇಲೆ ಇಳಿಯುತ್ತದೆ. ಅಲ್ಲಿ ಅದು ಹೊಟ್ಟೆ ತುಂಬಿಸಿಕೊಳ್ಳುವಷ್ಟರಲ್ಲಿ ಸಾಸಿವೆಗೆ ನಾಲ್ಕು ಎಲೆ ಬಂದಿರುತ್ತದೆ. ನಾಲ್ಕು ಎಲೆ ಬಂದ ಗಿಡವನ್ನು ಹುಳ ತಿಂದರೂ ಗಿಡ ಲೆಕ್ಕಿಸುವುದಿಲ್ಲ. ಇದನ್ನೆಲ್ಲ ನಾನು ಪಾಠದಲ್ಲಿ ನಕ್ಷೆ ಬರೆದು ಹೇಳುತ್ತಿದ್ದೆ. ಕಾಶಮ್ಮ ಅದಕ್ಕೆ “ಹುಳದ ಪಾಲು ಹುಳಕ್ಕೆ ಹಾಕದು” ಎನ್ನುತ್ತಾಳೆ.

ಎರಡು ವರ್ಷದ ಹಿಂದೆ ಮಗ ರೇಣುಕಪ್ರಸಾದನಿಗೆ ಮದುವೆಯಾಯಿತು. ಅವನು ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ತಮ್ಮ ಹೊಲವನ್ನೂ ಊರವರ ಹೊಲವನ್ನೂ ಉಳುತ್ತಾನೆ. ಸೊಸೆ ಸೌಮ್ಯ ಸಖರಾಯಪಟ್ಟಣದವಳು, ಬಿ.ಕಾಂ. ಓದಿದವಳು. ಅವಳ ತಂದೆ ತೆಂಗಿನ ನಡುವೆ ಹನಿ ನೀರಾವರಿಯಲ್ಲಿ ಕೋಸು, ಟೊಮೆಟೊ ಬೆಳೆಯುತ್ತಾರೆ. ಸೌಮ್ಯಳಿಗೆ ಚಿಕ್ಕಂದಿನಿಂದ ಅಚ್ಚುಕಟ್ಟು. ಬಂದ ವಾರದಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ಎತ್ತರದ ಪ್ರಕಾರ ಜೋಡಿಸಿದಳು. ಕಾಶಮ್ಮ ಎರಡು ದಿನ ಮೆಂತ್ಯ ಹುಡುಕಿದಳು.

ಪುಷ್ಯ ಮಳೆಗೆ ರಾಗಿ ಬಿತ್ತುವ ಹಿಂದಿನ ದಿನ ಸೊಸೆಯನ್ನು ದೇವರ ಮುಂದೆ ಕೂರಿಸಿ ಇದ್ದ ಬೀಜವನ್ನೆಲ್ಲ ಮಡಿಲಿಗೆ ಸುರಿದಳು. ಡಬ್ಬಿಯನ್ನು ಬೋರಲು ಮಾಡಿ ತಳ ತಟ್ಟಿದಳು. ಇನ್ನೊಂದು ಬೊಗಸೆ ಬೀಜ ಎಲ್ಲೂ ಇರಲಿಲ್ಲ. ಬೇಕೆಂದರೆ ಅಕ್ಕಪಕ್ಕದವರಲ್ಲಿ ಕೇಳಲೂ ಆಗದು, ಊರಿನಲ್ಲಿ ಉಳಿದವರೆಲ್ಲ ಅಂಗಡಿಯ ಸಾಸಿವೆಗೆ ಹೋಗಿ ಹತ್ತು ವರ್ಷವಾಗಿತ್ತು. ಷಣ್ಮುಖಪ್ಪ ಪಕ್ಕದಲ್ಲಿ ನಿಂತಿದ್ದವನು ಮೆಲ್ಲಗೆ ಕೇಳಿದನಂತೆ.

“ಒಂಚೂರು ಎತ್ತಿಟ್ಟಿದ್ದೀಯ ತಾನೇ?”

“ನಾನೇನು ನಿಮ್ಮಮ್ಮನಾ?” ಎಂದಳಂತೆ ಕಾಶಮ್ಮ.

ಸೌಮ್ಯ ಬಿತ್ತಿದಳು. ಬೀಜ ಬಿಡುವಾಗ ಅವಳ ಕೈ ದಟ್ಟವಾಗಿಯೇ ಓಡಿತು, ಅಭ್ಯಾಸವಿಲ್ಲದ ಕೈ. ಐದನೇ ದಿನ ಇಪ್ಪತ್ತು ಸಾಲಿನಲ್ಲಿ ಹಸಿರು ಗೆರೆ ಎದ್ದಿತು. ಕಾಶಮ್ಮ ಬದುವಿನ ಮೇಲೆ ನಿಂತು ನೋಡಿ, ತೃಪ್ತಿಯಾಗಿ, ಎಲೆಯಡಿಕೆ ಹಾಕಿಕೊಂಡಳು.

ಎಂಟನೇ ದಿನ ಕಾಶಮ್ಮ ಯಾವುದೋ ನಾಮಕರಣಕ್ಕೆ ಅಜ್ಜಂಪುರಕ್ಕೆ ಹೋಗಿದ್ದಳು. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಸೊಸೆಯ ಮುಖದಲ್ಲಿ ಬೆಳಕಿತ್ತು. ಕೈ ಕಾಲು ತೊಳೆದು ಬಂದ ಅತ್ತೆಗೆ, ಮಾವನಿಗೆ, ಗಂಡನಿಗೆ ತಟ್ಟೆ ಹಾಕಿ ಮುದ್ದೆ, ಬಸ್ಸಾರು ಬಡಿಸಿದಳು. ಆ ಊಟದ ಕಥೆಯನ್ನು ನನಗೆ ಆಮೇಲೆ ಹೇಳಿದವನು ಷಣ್ಮುಖಪ್ಪ. ಹೇಳುವಾಗ ನಗು ತಡೆಯಲಾರದೆ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದ.

“ಇವತ್ತು ಪೂರ್ತಿ ಹೊಲದಲ್ಲೇ ಇದ್ದೆ ಅತ್ತೆ” ಎಂದಳು ಸೌಮ್ಯ. “ಸಾಸಿವೆ ತುಂಬಾ ಒತ್ತಾಗಿ ಹುಟ್ಟಿತ್ತು. ಎಲ್ಲಾ ಕಿತ್ತು, ಅಂಗೈ ಅಗಲಕ್ಕೆ ಒಂದೊಂದೇ ಗಿಡ ಬಿಟ್ಟೆ. ನಮ್ಮಪ್ಪ ಕೋಸಿಗೆ ಹಂಗೇ ಮಾಡೋದು.”

ಕಾಶಮ್ಮನ ಕೈ ಮುದ್ದೆಯ ಮೇಲೆ ನಿಂತಿತು.

“ಬದೂನೂ ಚೊಕ್ಕ ಮಾಡ್ದೆ. ಯಾರೋ ಮೂಲಂಗಿ ಬೀಜ ಚೆಲ್ಲಿದ್ರು ಅಂತ ಕಾಣತ್ತೆ, ಎಳೇ ಸೊಪ್ಪು ಎಷ್ಟು ಬಂದಿತ್ತು ಗೊತ್ತಾ! ಸ್ವಲ್ಪ ತೂತು ಬಿದ್ದಿತ್ತು, ತೊಳೆದು ಹಾಕ್ದೆ. ಅದರದ್ದೇ ಸಾರು.”

ಷಣ್ಮುಖಪ್ಪ ಬಾಯಿಗಿಟ್ಟ ತುತ್ತು ನುಂಗಲಾರದೆ, “ಬದೂ ಮೂಲಂಗೀನಾ ಇದು?” ಎಂದ. ತಟ್ಟೆಯ ಪಕ್ಕದಲ್ಲಿ ಕಾಶಮ್ಮನ ಕಾಲು ಅವನ ಕಾಲನ್ನು ಒದೆಯಿತು. ಅವನು ನೀರು ಕುಡಿದ.

“ಯಾಕೆ ಮಾವ, ಖಾರ ಆಯ್ತಾ?”

“ಇಲ್ಲ ಕಣಮ್ಮ. ಏನಿಲ್ಲ. ಭಾರಿ ರುಚಿ ಐತೆ.”

ಕಾಶಮ್ಮ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಉಂಡಳು. ತಟ್ಟೆ ಖಾಲಿಯಾದ ಮೇಲೆ ಮುಂದಕ್ಕೆ ನೂಕಿದಳು.

“ಇನ್ನೊಂದ್ ಸೌಟು ಹಾಕವ್ವಾ” ಎಂದಳು.

ಅಷ್ಟೇ.

ಮಾರನೆಯ ದಿನದಿಂದ ಮಳೆ ನಿಂತಿತು, ಬರಿ ಬಿಸಿಲು. ಬದುವಿನ ಮೇಲೆ ತಿನ್ನಲು ಏನೂ ಇಲ್ಲದೆ ಹುಳವೆಲ್ಲ ಸಾಲಿಗಿಳಿಯಿತು. ಸಾಲಿನಲ್ಲಿ ಅಂಗೈ ಅಗಲಕ್ಕೊಂದು ಗಿಡ. ಒಂದೊಂದು ಗಿಡಕ್ಕೂ ಹತ್ತು ಹನ್ನೆರಡು ಹುಳ. ಮೂರನೇ ದಿನಕ್ಕೆ ಎಲೆಗಳು ಜರಡಿಯಾಗಿದ್ದವು.

ಕಾಶಮ್ಮ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬದುವಿನ ಮೇಲೆ ನಡೆದು ಬರುತ್ತಿದ್ದಳು. ಸಾಲಿಗೆ ಕಾಲಿಡಲಿಲ್ಲ. ಹೊಲದಲ್ಲಿ ಬಾಗಿ ಕೂತಿರುವ ಸೊಸೆಯನ್ನು ನೋಡುತ್ತಿದ್ದಳು, ಅವಳು ತಲೆ ಎತ್ತಿದರೆ ಬೇರೆ ಕಡೆ ತಿರುಗುತ್ತಿದ್ದಳು. ಮನೆಯಲ್ಲಿ ಮಾತು ಕಡಿಮೆಯಾಯಿತು. ಬಾಯಿ ಬಿಟ್ಟರೆ ಎಲ್ಲಿ ಸಾಸಿವೆಯ ಮಾತೇ ಬಂದುಬಿಡುತ್ತದೋ ಎಂದು ಕಾಶಮ್ಮನಿಗೆ ಹೆದರಿಕೆ. ಅತ್ತೆಗೆ ಕೋಪ ಬಂದಿದೆ, ಅದಕ್ಕೇ ಮಾತಿಲ್ಲ ಎಂದು ಸೌಮ್ಯಳಿಗೆ ಹೆದರಿಕೆ. ಷಣ್ಮುಖಪ್ಪ ಇಬ್ಬರ ನಡುವೆ ಕೂತು ಹವಾಮಾನ ಮಾತಾಡಿದ.

“ಹೋಗಿ ಹೇಳ್ಬಾರದೇನೇ? ಬೀಜ ಹೋದ್ರೆ ಮತ್ತೆ ಸಿಗಲ್ಲ. ನಮ್ಮಜ್ಜಿ ಕಾಲದ್ದು” ಎಂದು ಅವನು ಹೆಂಡತಿಗೆ ಹೇಳಿದ.

“ಬೀಜ ಹೋದ್ರೆ ಬೀಜ ಹೋಗ್ತೈತೆ. ನಾನ್ ಈಗ ಇಳಿದ್ರೆ ಆ ಹುಡ್ಗಿ ಜೀವಮಾನ ಪೂರ್ತಿ ನನ್ ಮುಖ ನೋಡ್ಕೊಂಡೇ ಬಿತ್ತಬೇಕಾಗ್ತೈತೆ. ನನಗ್ ಗೊತ್ತು ಅದು ಹೆಂಗಿರ್ತೈತೆ ಅಂತ.”

“ಹಂಗಾರೆ ಮೂಲೇಲಿ ಆ ಮೊರ ಯಾಕೆ ಇಟ್ಟಿದ್ದೀಯ?”

ಬಾಗಿಲ ಹಿಂದೆ ಒಂದು ಹಳೆಯ ಮೊರವಿತ್ತು. ಅದಕ್ಕೆ ಹರಳೆಣ್ಣೆ ಬಳಿದಿತ್ತು. ದಿನವೂ ಹೊಸದಾಗಿ ಬಳಿಯುತ್ತಿದ್ದಳು.

ನಾಲ್ಕನೇ ದಿನ ಸೌಮ್ಯ ಬಸ್ಸು ಹತ್ತಿ ಕಡೂರಿಗೆ ಬಂದಳು. ಔಷಧಿ ಅಂಗಡಿಯಲ್ಲಿ ಫೋಟೊ ತೋರಿಸಿದಳು. ಅಂಗಡಿಯವನು ಕೋಸಿಗೆ ಹೊಡೆಯುವ ಒಂದು ಬಾಟಲಿ ತೆಗೆದಿಟ್ಟ. ತೆಗೆದುಕೊಳ್ಳುವ ಮೊದಲು, ಅತ್ತೆ ಹೇಳುವ “ಹುಳ ಓದಿದೋರು” ನೆನಪಾಗಿ ನನ್ನ ಮನೆ ಹುಡುಕಿಕೊಂಡು ಬಂದಳು. ಅವಳನ್ನು ಮದುವೆಯಲ್ಲಿ ನೋಡಿದ್ದೆ. ಆವತ್ತಿಗಿಂತ ಸೊರಗಿದ್ದಳು.

ಫೋಟೊ ನೋಡಿದೆ. ಬೇರೆ ಹುಳಕ್ಕೆ ಸಾಧ್ಯವೇ ಇಲ್ಲ.

“ಎಷ್ಟು ಎಲೆ ಬಂದಿವೆ?”

“ಬೀಜದೆಲೆ ಬಿಟ್ಟು ಎರಡು ಮೇಡಂ. ಕೆಲವಕ್ಕೆ ಒಂದೇ.”

“ನಾಲ್ಕು ಎಲೆ ಬರುವ ತನಕ ಕಾಯಬೇಕು. ಇನ್ನು ಎಂಟು ದಿನ. ಅಲ್ಲಿಯವರೆಗೆ ಉಳಿದರೆ ಉಳಿದ ಹಾಗೆ.”

“ಔಷಧಿ ಹೊಡೆಯಲಾ?”

“ಹೊಡೆದರೆ ಹುಳ ಸಾಯುತ್ತದೆ. ಆದರೆ ಪಕ್ಕದ ಸಾಲಿನಲ್ಲಿ ನೀವು ಕುಯ್ದು ತಿನ್ನುವ ಸೊಪ್ಪಿದೆ, ಮೇವಿದೆ. ಇಪ್ಪತ್ತು ಸಾಲಿಗೆ ಅದು ಬೇಕಾಗಿಲ್ಲ. ನಿಮ್ಮತ್ತೆ ಎಂದಾದರೂ ಹೊಡೆದಿದ್ದಾರಾ?”

“ಗೊತ್ತಿಲ್ಲ ಮೇಡಂ. ಅವರು ನನ್ನ ಹತ್ರ ಮಾತೇ ಆಡ್ತಿಲ್ಲ.”

ಅವಳು ಅಂಗೈಯಲ್ಲಿ ಕಣ್ಣೊರೆಸಿಕೊಂಡಳು. ನನಗೆ ಎದುರಿಗೆ ಕೂತು ಅಳುವವರನ್ನು ಕಂಡರೆ ಆಗದು. ಮಾತು ಬದಲಿಸಲು ಕೇಳಿದೆ.

“ಬದುವಿನ ಮೇಲೆ ಮೂಲಂಗಿ ಇರಬೇಕಲ್ಲ, ಕಾಶಮ್ಮ ಪ್ರತಿ ವರ್ಷ ಹಾಕುತ್ತಾಳೆ. ಹುಳಕ್ಕೆ ಅಂತಲೇ ಹಾಕೋದು. ಅದಿದ್ದೂ ಇಷ್ಟು ಹುಳ ಸಾಲಿಗೆ ಹೇಗೆ ಬಂತು?”

ಸೌಮ್ಯ ಬಾಯಿ ತೆರೆದು ಹಾಗೆಯೇ ಕೂತಳು.

“ಹುಳಕ್ಕೆ ಅಂತ ಹಾಕೋದಾ?”

“ಮತ್ತೆ?”

“ನಾನು ಸಾರು ಮಾಡ್ಬಿಟ್ಟೆ ಮೇಡಂ.”

ನಾನು ಅಪರೂಪಕ್ಕೆ ನಗುವವಳು. ಆವತ್ತು ನಕ್ಕೆ.

“ಕಾಶಮ್ಮ ಉಂಡಳಾ?”

“ಎರಡು ಸಲ ಬಡಿಸ್ಕೊಂಡ್ರು” ಎಂದಳು. ಹೇಳಿದ ಮೇಲೆ ತಾನು ಹೇಳಿದ್ದು ತನಗೇ ಕೇಳಿಸಿದಂತೆ ನನ್ನ ಕಡೆ ತಿರುಗಿದಳು. “ಗೊತ್ತಿದ್ದೂ ಬಡಿಸ್ಕೊಂಡ್ರಾ?”

ಮಡಿಲಿಗೆ ಬೀಜ ಸುರಿದ ಅತ್ತೆ ಕರೆಯದೆ ಸಾಲಿಗೆ ಬರುವ ಹಾಗಿಲ್ಲ ಎಂಬ ನಿಯಮವನ್ನು ಮಾತ್ರ ಅವಳಿಗೆ ಹೇಳಿದೆ. ಆ ಮನೆಯ ನಿಯಮ ನನ್ನನ್ನು ಕಟ್ಟುವುದಿಲ್ಲ.

“ಕರೀಬಹುದಾ?” ಎಂದಳು.

“ಬಸ್ಸು ಇದೆ, ಹೋಗು” ಎಂದೆ. ಹನ್ನೊಂದರ ಬಸ್ಸಿಗೆ ಓಡಿದಳು. ಔಷಧಿ ಅಂಗಡಿಯ ಕಡೆ ತಿರುಗಲಿಲ್ಲ.

ಮುಂದಿನದನ್ನು ಅತ್ತೆ ಸೊಸೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಹೆಚ್ಚು ವ್ಯತ್ಯಾಸವಿಲ್ಲ. ಕಾಶಮ್ಮ ಹಿತ್ತಿಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಸೌಮ್ಯ ಬ್ಯಾಗು ಹೆಗಲಿಂದ ಇಳಿಸದೆ ಅಲ್ಲಿಗೇ ಬಂದು ನಿಂತಳು.

“ಅತ್ತೆ, ಹೊಲಕ್ಕೆ ಬನ್ನಿ.”

ಕಾಶಮ್ಮ ತಿರುಗಿ ನೋಡಿದಳು.

“ಯಾಕೆ?”

“ನನಗೆ ಬರಲ್ಲ. ನೀವು ಬನ್ನಿ. ಕರೀತಾ ಇದೀನಿ.”

“ಕರೀತಾ ಇದೀಯಾ?”

“ಹ್ಞೂ ಅತ್ತೆ. ಬಾಯಿಬಿಟ್ಟು ಕರೀತಾ ಇದೀನಿ.”

ಕಾಶಮ್ಮ ಬಕೆಟ್ಟು ಅಲ್ಲೇ ಬಿಟ್ಟಳು. ಎಮ್ಮೆ ಅದನ್ನು ಮಗುಚಿತು. ಯಾರೂ ಗಮನಿಸಲಿಲ್ಲ.

“ನಾಕ್ ದಿನ ಆಯ್ತಲ್ಲೇ ನಮ್ಮವ್ವಾ! ಇಷ್ಟೊತ್ತು ಬೇಕಾಯ್ತಾ ನಿನಗೆ?” ಎಂದು ಬೈಯುತ್ತಲೇ ಬಾಗಿಲ ಹಿಂದಿನ ಮೊರ ಎತ್ತಿಕೊಂಡಳು.

“ಸಾರು ಯಾಕ್ ತಿಂದ್ರಿ?” ಎಂದು ಸೌಮ್ಯ ಹಿಂದಿನಿಂದ ಕೇಳಿದಳು, ಅಳುತ್ತಾ.

“ಚೆನ್ನಾಗಿತ್ತು, ತಿಂದೆ. ಅದನ್ನ ಯಾರಾದ್ರೂ ಕೇಳ್ತಾರಾ? ನಡಿ, ಬಿಸ್ಲು ಇರೋವಾಗ್ಲೇ ಆಗ್ಬೇಕು ಈ ಕೆಲ್ಸ.”

ಎಣ್ಣೆ ಮೊರದ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಬ್ಬರು ಸಾಲಿನ ಒಂದು ಮಗ್ಗುಲಲ್ಲಿ ಮೊರವನ್ನು ಗಿಡದ ಎತ್ತರಕ್ಕೆ ಓರೆಯಾಗಿ ಹಿಡಿಯಬೇಕು. ಇನ್ನೊಬ್ಬರು ಎದುರು ಮಗ್ಗುಲಿನಿಂದ ಬೇವಿನ ಕೊಂಬೆಯಲ್ಲಿ ಗಿಡವನ್ನು ಸವರಬೇಕು. ಬಿಸಿಲಿನಲ್ಲಿ ಚುರುಕಾಗಿರುವ ಹುಳ ಕೊಂಬೆಗೆ ಬೆದರಿ ಹಾರಿ ಮೊರಕ್ಕೆ ಬಿದ್ದು ಎಣ್ಣೆಯಲ್ಲಿ ಅಂಟಿಕೊಳ್ಳುತ್ತದೆ. ಇಬ್ಬರ ಹೆಜ್ಜೆ ಒಂದೇ ಆಗಿರಬೇಕು, ಒಬ್ಬರು ಮುಂದೋಡಿದರೆ ಹುಳ ನೆಲಕ್ಕೆ ಹಾರಿ ತಪ್ಪಿಸಿಕೊಳ್ಳುತ್ತದೆ. ಕಾಶಮ್ಮ ತನ್ನ ಕಾಲದಲ್ಲಿ ಇದನ್ನು ಗಂಡನ ಜೊತೆ ಮಾಡಿದ್ದಳು. ಮಲ್ಲಿಕಾಂಬನವರನ್ನು ಕರೆಯುವ ಮನಸ್ಸು ಅವಳಿಗೆ ಎಂದೂ ಬರಲಿಲ್ಲ. ಅಕ್ಕಡಿ ಸಾಲಿನಲ್ಲಿ ಕೊಂಬೆ ಹಿಡಿದು ಹೆಂಡತಿಯ ಎದುರು ನಡೆದ ಷಣ್ಮುಖಪ್ಪನನ್ನು ಊರ ಗಂಡಸರು ಹತ್ತು ವರ್ಷ ಆಡಿಕೊಂಡಿದ್ದರು.

ಈಗ ಕೊಂಬೆ ಸೌಮ್ಯಳ ಕೈಯಲ್ಲಿತ್ತು.

“ಮೆತ್ತಗೆ ಕಣೇ. ಮಗಾ ಮಲಗಿಸ್ತೀಯಲ್ಲ, ಹಂಗೆ ಸವರು. ಗಿಡ ಬಡಿಬೇಡ.”

“ನನಗೆಲ್ಲಿ ಮಗು ಇದೆ ಅತ್ತೆ?”

“ಆಯ್ತು, ಎಮ್ಮೆ ಕರ ಸವರಿದಂಗೆ. ಹ್ಞಾ. ಈಗ ಹೆಜ್ಜೆ ಹಾಕು. ನಿಂತ್ಕಾ. ಹಾಕು.”

ಬದುವಿನ ಮೇಲೆ ಪಕ್ಕದ ಹೊಲದ ಈರಭದ್ರಪ್ಪ ನಿಂತು ನೋಡುತ್ತಿದ್ದ.

“ಏನ್ ಕಾಶಕ್ಕಾ, ಅತ್ತೆ ಸೊಸೆ ಎದ್ರಾಬದ್ರಾ ನಿಂತೀರಾ, ಮೊರದಲ್ಲೇ ಯುದ್ಧನಾ?”

“ಹೂಂ ಕಣಪ್ಪಾ, ಬಾ, ನಿಂಗೂ ಎಣ್ಣೆ ಬಳೀತೀನಿ!”

ಮೊದಲ ಸಾಲು ಮುಗಿದಾಗ ಮೊರದ ತುಂಬ ಕಪ್ಪು ಕಾಳು ಚೆಲ್ಲಿದಂತಿತ್ತು. ಸಾಸಿವೆಯೇ ಅನ್ನಬೇಕು, ಅಲ್ಲಲ್ಲಿ ಕಾಲಾಡಿಸದಿದ್ದರೆ. ಸೌಮ್ಯ ಬಗ್ಗಿ ನೋಡಿದಳು. ಕಿತ್ತ ಗಿಡಗಳ ಲೆಕ್ಕ ಅವಳಿಗೆ ಆಗ ಅರ್ಥವಾಯಿತಂತೆ. “ಅಷ್ಟೂ ಗಿಡ ಬಿಟ್ಟಿದ್ರೆ ಇವೆಲ್ಲಾ ಹಂಚ್ಕೊಂಡು ತಿಂತಿದ್ವು ಅಲ್ವಾ ಅತ್ತೆ?” ಎಂದಳು. ಕಾಶಮ್ಮ “ಹ್ಞೂ” ಎಂದಳು.

ಎಂಟು ದಿನ ಹಾಗೆಯೇ ನಡೆಯಿತು. ಬೆಳಿಗ್ಗೆ ಇಬ್ಬನಿ ಇರುವಾಗ ತೆಳು ಬಟ್ಟೆಯ ಗಂಟಿನಲ್ಲಿ ಒಲೆ ಬೂದಿ ತುಂಬಿ ಗಿಡದ ಮೇಲೆ ತಟ್ಟುವುದು. ಒದ್ದೆ ಎಲೆಗೆ ಬೂದಿ ಹಿಡಿಯುತ್ತದೆ, ಬೂದಿ ಹಿಡಿದ ಎಲೆಗೆ ಹುಳ ಸುಲಭವಾಗಿ ಬಾಯಿ ಹಾಕುವುದಿಲ್ಲ. ಬಿಸಿಲೇರಿದ ಮೇಲೆ ಮೊರ. ನಾನೊಂದು ದಿನ ಹೋಗಿ ನೋಡಿ ಬಂದೆ. ಆ ಹೊತ್ತಿಗೆ ಏಳು ಸಾಲು ಪೂರ್ತಿ ಹೋಗಿತ್ತು. ಉಳಿದ ಹದಿಮೂರರಲ್ಲಿ ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ. ಒಂಬತ್ತನೇ ದಿನ ಸೌಮ್ಯ ನನಗೆ ಫೋನು ಮಾಡಿ, “ನಾಲ್ಕು ಎಲೆ ಮೇಡಂ” ಎಂದಳು. ಹಿಂದಿನಿಂದ ಕಾಶಮ್ಮನ ದನಿ: “ಐದು ಅನ್ನು! ಆ ಮೂಲೇದಕ್ಕೆ ಐದು ಬಂದೈತೆ.”

ಒಂದು ವಿಷಯ ನಾನು ನಿರೀಕ್ಷಿಸಿದಂತೆಯೇ ಆಯಿತು, ಕಾಶಮ್ಮ ನಿರೀಕ್ಷಿಸಿರಲಿಲ್ಲ. ಉಳಿದ ಗಿಡಗಳಿಗೆ ಸುತ್ತ ಜಾಗವಿದ್ದುದರಿಂದ ಒಂದೊಂದೂ ಪೊದೆಯಾಗಿ ಕವಲೊಡೆಯಿತು. ದೀಪಾವಳಿಯ ಹೊತ್ತಿಗೆ ರಾಗಿಯ ಮೇಲೆ ಹಳದಿ ಹೂವು ಎದ್ದು ಕಾಣುತ್ತಿತ್ತು. ಕಾಶಮ್ಮ ಒಂದು ಗಿಡ ಹಿಡಿದು ಕಾಯಿ ಎಣಿಸಿ ಸೊಸೆಗೆ ಹೇಳಿದಳು: “ನಿಮ್ಮಪ್ಪನ ಮಾತು ಪೂರ್ತಿ ಸುಳ್ಳಲ್ಲ ಕಣೇ. ಹುಳ ಹೋದ್ಮೇಲೆ ಕೀಳ್ಬೇಕು, ಅಷ್ಟೇಯ.” ಸೌಮ್ಯ ಅದನ್ನು ಆವತ್ತೇ ತಂದೆಗೆ ಫೋನು ಮಾಡಿ ಹೇಳಿದಳು. ಅವರು, “ನಿಮ್ಮತ್ತೆ ಹೊಗಳಿದ್ರಾ, ಬೈದ್ರಾ?” ಎಂದು ಕೇಳಿದರಂತೆ.

ಎಂದಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಸಿವೆ ಬಂತು. ಆ ವರ್ಷ ನನಗೆ ಪಾಲಿಲ್ಲ. ಎಲ್ಲವೂ ಬೀಜಕ್ಕೆಂದು ನಿಂತಿತು. ಒಣಗಿಸಿ, ತೂರಿ, ಜರಡಿ ಹಿಡಿದ ಬೂದಿಯಲ್ಲಿ ಕಲಸಿ ಸೌಮ್ಯ ಡಬ್ಬಿಗೆ ತುಂಬಿದಳು. ತುಂಬಿದ ಮೇಲೆ ಕೊನೆಯಲ್ಲಿ ಒಂದು ಹಿಡಿ ಮೊರದಲ್ಲೇ ಉಳಿಸಿಕೊಂಡಳು. ಡಬ್ಬಿಯಲ್ಲಿ ಜಾಗವಿತ್ತು ಎಂದು ಷಣ್ಮುಖಪ್ಪ ಸಾಕ್ಷಿ ಹೇಳುತ್ತಾನೆ.

ಆ ಹಿಡಿಯನ್ನು ತಂದು ಅಂಗಳದಲ್ಲಿ ಕೂತಿದ್ದ ಅತ್ತೆಯ ಮುಂದೆ ನಿಂತಳು.

“ಸೆರಗು ಹಿಡೀರಿ ಅತ್ತೆ.”

“ಯಾಕೆ?”

“ಇದು ನಿಮ್ಮ ಹತ್ರ ಇರ್ಲಿ.”

“ಕೊಟ್ಟಿದ್ದು ಕೊಟ್ಟಿದ್ದೇ ಕಣೇ. ನಾನ್ ವಾಪಸ್ ತಗಳಲ್ಲ. ನಿನ್ ಕೈ ಮೇಲೆ ನಂಬಿಕೆ ಇಲ್ಲ ಅಂತ ಆಗ್ತೈತೆ.”

“ನೀವು ಎತ್ತಿಟ್ರೆ ಹಂಗಾಗುತ್ತೆ. ನಾನೇ ಕೊಟ್ರೆ ಹೆಂಗಾಗುತ್ತೆ?”

ಕಾಶಮ್ಮನಿಗೆ ಉತ್ತರ ಹೊಳೆಯಲಿಲ್ಲ. ಅದು ದೊಡ್ಡ ವಿಷಯ. ನಮ್ಮ ಮೂವತ್ತು ವರ್ಷದ ಒಡನಾಟದಲ್ಲಿ ನಾನು ಅದನ್ನು ಒಮ್ಮೆಯೂ ನೋಡಿಲ್ಲ. ಸೆರಗು ಹಿಡಿದಳು.

ಮುಂದಿನ ಜುಲೈನಲ್ಲಿ ನಾನು ಆ ಊರಿಗೆ ಹೋದಾಗ ಅಡುಗೆಮನೆಯ ಎಲ್ಲ ಡಬ್ಬಿಗಳೂ ಎತ್ತರದ ಪ್ರಕಾರ ನಿಂತಿದ್ದವು. ಸಾಲಿನ ತುದಿಯಲ್ಲಿ, ಎಲ್ಲಕ್ಕಿಂತ ಕುಳ್ಳಗೆ, ಒಂದು ಹಳೆಯ ಮಣ್ಣಿನ ಕುಡಿಕೆ. ಅಟ್ಟದಿಂದ ಇಳಿಸಿ ತೊಳೆದಿದ್ದರು. ಅದು ಮಲ್ಲಿಕಾಂಬನವರದೇ.

ಹೊಲದಲ್ಲಿ ಸಾಸಿವೆ 	ಗೆರೆ ಎಳೆದಂತೆ ದಟ್ಟವಾಗಿ ಎದ್ದಿತ್ತು. ಬದುವಿನ ಮೂಲಂಗಿಗೆ ಈಚಲು ಗರಿಯ ಸಣ್ಣ ಬೇಲಿ ಬಂದಿತ್ತು. ಬೇಲಿಗೆ ಒಂದು ಹಳೆಯ ತಗಡು ಕಟ್ಟಿ, ಅದರ ಮೇಲೆ ಸೌಮ್ಯ ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದಳು: “ಸಾರಿಗಲ್ಲ.”

“ಯಾರಿಗೋಸ್ಕರ ಈ ಬೋರ್ಡು? ಹುಳಕ್ಕೆ ಓದು ಬರುವುದಿಲ್ಲವಲ್ಲ” ಎಂದೆ.

“ಮುಂದಿನ ಸೊಸೆಗೆ ಕಣ್ರೀ ಮೇಡಮ್ಮೋರೇ” ಎಂದಳು ಕಾಶಮ್ಮ. “ನಮ್ಮನೇಲಿ ಯಾರೂ ಬಾಯಿಬಿಟ್ಟು ಹೇಳಲ್ವಲ್ಲ.”